ಹೇಮಾವತಿ: ಗಡಿಯಂಚಿನ ಪುಟ್ಟ ಊರು, ನೊಳಂಬರ ರಾಜಧಾನಿ

ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವರು ರಾಜ್ಯದ ಗಡಿಯನ್ನು ಎರಡು ಸಲವಾದರೂ ದಾಟಬೇಕು. ಪಾವಗಡ ಕರ್ನಾಟಕದ ತಾಲೂಕು. ಅದರ ಸುತ್ತ ಬಹುಪಾಲು ಆಂಧ್ರವೇ. ಅದರ ಪಕ್ಕದ ಮಡಕಶಿರ ಆಂಧ್ರದ ಸೀಮೆ. ಅದರ ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ. ಇದೇ ಮಡಕಶಿರ ಸೀಮೆಯ ಅಮರಾಪುರ ಮಂಡಲದಲ್ಲಿ ಹೇಮಾವತಿ ಇದೆ. ಕಲ್ಲುಗುಡ್ಡಗಳ ನಾಡು, ಮಳೆ ಕಡಿಮೆ, ಕೆರೆ ತುಂಬಿದರೆ ಹಬ್ಬ.

ಇಂದು ಹಳ್ಳಿಯಾಗಿರುವ ಈ ಊರು ಸಾವಿರ ವರ್ಷಗಳ ಹಿಂದೆ ರಾಜಧಾನಿಯಾಗಿತ್ತು! ಶಾಸನಗಳಲ್ಲಿ ಇದರ ಹೆಸರು ಪೆಂಜೇರು, ಹೆಂಜೇರು. 'ಪಾಲು' ಹಾಲಾದಂತೆ, 'ಪೂವು' ಹೂವಾದಂತೆ ಪೆಂಜೇರು ಹೆಂಜೇರಾಯಿತು. ಊರಿನ ಹೆಸರೇ ಒಂದು ವ್ಯಾಕರಣ ಪಾಠ.

ಇಲ್ಲಿಂದ ಆಳಿದವರು ನೊಳಂಬರು. ಅವರ ನಾಡಿಗೆ ನೊಳಂಬವಾಡಿ 32,000 ಎಂದು ಹೆಸರು. ಇಂದಿನ ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರ ಸೀಮೆಗಳ ಭಾಗಗಳು ಅದರಲ್ಲಿದ್ದವು. ಹೇಮಾವತಿಯ ಕಂಬದ ಶಾಸನವೊಂದು ತ್ರಿನಯನ ಪಲ್ಲವನಿಂದ ಮೊದಲಾಗಿ ಅವರ ವಂಶಾವಳಿಯನ್ನೇ ಹೇಳುತ್ತದೆ. 10ನೇ ಶತಮಾನದಲ್ಲಿ ಗಂಗರ ಇಮ್ಮಡಿ ಮಾರಸಿಂಹ ಅವರನ್ನು ಸೋಲಿಸಿ 'ನೊಳಂಬಕುಲಾಂತಕ' ಎನಿಸಿಕೊಂಡ. ಆಮೇಲೆ ಚೋಳರು ಬಂದರು. ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕಂಬಗಳು ಇಂದಿಗೂ ನಿಂತಿವೆ. ಚೋಳರು ಗೆದ್ದು ಹೊತ್ತೊಯ್ದವು ಅವು ಎನ್ನುತ್ತಾರೆ ವಿದ್ವಾಂಸರು. ಚೆನ್ನೈನ ಸರಕಾರಿ ವಸ್ತುಸಂಗ್ರಹಾಲಯದಲ್ಲೂ ಹೇಮಾವತಿಯ ಶಿಲ್ಪಗಳಿವೆ. ಉಳಿದವನ್ನು ಊರಿನಲ್ಲೇ ನೋಡಬಹುದು: ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳು, ನುಣುಪಾದ ಕರಿಕಲ್ಲಿನ ಕೆತ್ತನೆ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ.

ಇನ್ನು ಗಡಿಯ ವಿಚಾರ. 1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರದ ಸೀಮೆಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ಶಿರಾ, ಪಾವಗಡಗಳು ಮೈಸೂರಿನಲ್ಲಿ ಉಳಿದವು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರಲ್ಲಿ ಅದು ಮದ್ರಾಸ್ ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. 2022ರಲ್ಲಿ ಹಿಂದೂಪುರ, ಮಡಕಶಿರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದವು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇಷ್ಟು ಬದಲಾವಣೆಯಾದರೂ ಕಲ್ಲಿನ ಮೇಲಿನ ಅಕ್ಷರ ಬದಲಾಗಿಲ್ಲ.

"ನಾವು ಆಂಧ್ರದವರು, ನಮಗೇಕೆ ಕನ್ನಡ?" ಎಂದು ನಮ್ಮ ಮಕ್ಕಳು ಕೇಳುವುದುಂಟು. ತೆಲುಗು ನಮ್ಮ ರಾಜ್ಯದ ಭಾಷೆ, ಅದನ್ನೂ ಚೆನ್ನಾಗಿ ಕಲಿಯಬೇಕು. ಆದರೆ ಕನ್ನಡ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ರಾಜ್ಯಗಳ ಗೆರೆ ಎಳೆಯುವ ಮೊದಲೇ ಅದು ಇಲ್ಲಿತ್ತು. ಈ ಮಾತನ್ನು ತರಗತಿಯಲ್ಲಿ ನೂರು ಸಲ ಹೇಳುವುದಕ್ಕಿಂತ ಮಕ್ಕಳನ್ನು ಒಮ್ಮೆ ಹೇಮಾವತಿಗೆ ಕರೆದೊಯ್ಯುವುದು ಮೇಲು. ಹಳಗನ್ನಡದ ಲಿಪಿ ಪೂರ್ತಿ ಓದಲು ಬಾರದಿರಬಹುದು. ಒಂದೆರಡು ಅಕ್ಷರ ಗುರುತು ಸಿಕ್ಕರೂ ಸಾಕು, ಇದು ನಮ್ಮ ಊರಿನ ಚರಿತ್ರೆ ಎಂದು ಅವರಿಗೇ ತಿಳಿಯುತ್ತದೆ.