ಕಂಪನಿ ಅಲ್ಲಿ, ಗಾಯ ಇಲ್ಲಿ, ಕೇಸು ಎಲ್ಲಿ?

ಮಳವಳ್ಳಿಯ ಒಂದು ಮನೆಯಲ್ಲಿ ಕುಕ್ಕರ್ ಸಿಡಿದು ಹೆಣ್ಣುಮಗಳ ಕೈ ಸುಟ್ಟಿತು ಅಂದ್ಕೊಳ್ಳಿ. ಕುಕ್ಕರ್ ಮಾಡಿದ ಕಂಪನಿ ಇರೋದು ಗುಜರಾತಿನಲ್ಲಿ. ಪರಿಹಾರ ಕೇಳೋಕೆ ಈಕೆ ಗುಜರಾತಿನ ರೈಲು ಹತ್ತಬೇಕಾ? ಇಲ್ಲ, ಕಂಪನಿಯೇ ಮಂಡ್ಯಕ್ಕೆ ಬರಬೇಕಾ? ಬಡವರ ಪಾಲಿಗೆ ಇಡೀ ಕೇಸಿಗಿಂತ ದೊಡ್ಡ ಪ್ರಶ್ನೆ ಇದೇ ಅಂತೀನಿ ನಾನು. ಯಾಕಂದ್ರೆ ದೂರದ ಕೋರ್ಟು ಅಂದ್ರೆ ಬಾಗಿಲು ಮುಚ್ಚಿದ ಕೋರ್ಟು.

ಬ್ರಿಟಿಷರ ಕಾಲದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದಕ್ಕೆ ಉತ್ತರ ಇತ್ತು. 19ನೇ ಕಲಂನಲ್ಲಿರೋ ಉದಾಹರಣೆ ನೋಡಿ: ದೆಹಲಿಯವನೊಬ್ಬ ಕಲ್ಕತ್ತೆಯಲ್ಲಿ ಯಾರಿಗಾದರೂ ಹೊಡೆದರೆ, ಏಟು ತಿಂದವನು ಕಲ್ಕತ್ತೆಯಲ್ಲೂ ದಾವೆ ಹೂಡಬಹುದು, ದೆಹಲಿಯಲ್ಲೂ ಹೂಡಬಹುದು. ಆಯ್ಕೆ ಅವನದ್ದು. ಆದರೆ ಸಿವಿಲ್ ಕೋರ್ಟು ಅಂದ್ರೆ ಶುಲ್ಕ, ವಕೀಲರು, ವರ್ಷಗಟ್ಟಲೆ ಅಲೆದಾಟ. ಸಾಮಾನ್ಯರು ಅತ್ತ ತಲೆ ಹಾಕ್ತಿರಲಿಲ್ಲ.

1986ರಲ್ಲಿ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂತು, ಜಿಲ್ಲೆಗಳಲ್ಲಿ ಗ್ರಾಹಕರ ವೇದಿಕೆಗಳು ಬಂದವು. ಎದುರಾಳಿ ಕಂಪನಿ ಅಥವಾ ಅದರ ಶಾಖೆ ಇರುವ ಕಡೆ, ಇಲ್ಲವೇ ವ್ಯಾಜ್ಯದ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಕಡೆ ದೂರು ಕೊಡಬಹುದಿತ್ತು. ಮಳವಳ್ಳಿಯ ಕುಕ್ಕರ್ ಇದರಲ್ಲಿ ಪಾಸಾಗ್ತಿತ್ತು. ಆದರೆ ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡೋ ಮದ್ದೂರಿನ ಹುಡುಗನ ಕಥೆ? ಮೊಬೈಲ್ ಕೊಂಡಿದ್ದು ಬೆಂಗಳೂರಲ್ಲಿ, ಜೇಬಲ್ಲೇ ಅದು ಸಿಡಿದಿದ್ದು ಕೆಂಗೇರಿಯಲ್ಲಿ. "ಮಂಡ್ಯಕ್ಕೆ ವ್ಯಾಪ್ತಿಯೇ ಇಲ್ಲ" ಅಂತ ಕಂಪನಿ ಪರ ವಕೀಲರು ಎದ್ದು ನಿಲ್ಲಬಹುದಿತ್ತು. ಗಾಯದ ಮಾತು ಆಮೇಲೆ!

ಆ ಬಾಗಿಲು ತೆರೆದದ್ದು 2019ರ ಹೊಸ ಕಾಯ್ದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಅದರ 34ನೇ ಕಲಂ ಪ್ರಕಾರ, ದೂರುದಾರ ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೋಷದ ವಸ್ತುವಿನಿಂದ ಆದ ಹಾನಿಗೆ ತಯಾರಕ, ಮಾರಾಟಗಾರ ಇಬ್ಬರನ್ನೂ ಹೊಣೆ ಮಾಡುವ ಪ್ರತ್ಯೇಕ ಅಧ್ಯಾಯವೂ ಅದರಲ್ಲಿದೆ. ಈಗ ಮದ್ದೂರಿನ ಹುಡುಗನಿಗೆ ಮಂಡ್ಯದ ಜಿಲ್ಲಾ ಆಯೋಗವೇ ಸಾಕು.

ಅಮೆರಿಕದಲ್ಲೂ ಇದೇ ಜಗಳ ನಡೆದಿದೆ. ಕಾರು ಮೊದಲು ಮಾರಾಟ ಆಗಿದ್ದು ಬೇರೆ ರಾಜ್ಯದಲ್ಲಿ, ಅಪಘಾತ ನಡೆದ ರಾಜ್ಯದಲ್ಲಿ ನಮ್ಮ ಮೇಲೆ ಕೇಸು ನಡೆಸುವಂತಿಲ್ಲ ಅಂತ ಫೋರ್ಡ್ ಕಂಪನಿ ವಾದಿಸಿತ್ತು. 2021ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನೀವು ವ್ಯಾಪಾರ ಬೆಳೆಸಿದ ರಾಜ್ಯದಲ್ಲಿ, ಅಲ್ಲಿನವರಿಗೇ ಪೆಟ್ಟಾದಾಗ ಅಲ್ಲೇ ಉತ್ತರ ಕೊಡಿ ಅನ್ನೋದು ತೀರ್ಪಿನ ತಿರುಳು. ಆದರೂ ಅಲ್ಲಿ ಕಂಪನಿಗೂ ಆ ರಾಜ್ಯಕ್ಕೂ ಇರುವ ನಂಟನ್ನು ತೋರಿಸಬೇಕು. ನಮ್ಮ ಗ್ರಾಹಕರಿಗೆ ಸ್ವಂತ ಊರಿನ ವಿಳಾಸವೇ ಸಾಕು.

ಆದರೆ ಹಕ್ಕು ಗೊತ್ತಿಲ್ಲದವನಿಗೆ ಕಾನೂನು ಇದ್ದೂ ಇಲ್ಲದಂತೆ. ಬಿಲ್ ಜೋಪಾನ ಮಾಡಿ. ಸಿಡಿದ ವಸ್ತುವನ್ನು ಗುಜರಿಗೆ ಹಾಕಬೇಡಿ, ಅದೇ ನಿಮ್ಮ ಸಾಕ್ಷಿ. ಎರಡು ವರ್ಷದೊಳಗೆ ದೂರು ಕೊಡಿ. ರೈಲು ಹತ್ತಬೇಕಾದವರು ನೀವಲ್ಲ, ಅವರು.