ಲಯೋಡೆನ್ ಆಟದ ಸಿಂಹಿಣಿ

ಲಯೋಡೆನ್ ಎಂಬ ಅಂತರ್ಜಾಲ ಆಟದಲ್ಲಿ ಆಟಗಾರರು ಸಾಕಿ, ತಳಿ ಬೆಳೆಸಿ, ಕೊಂಡು ಮಾರುವ ಚಿತ್ರರೂಪದ ಹೆಣ್ಣು ಸಿಂಹ. 2013ರಲ್ಲಿ ಶುರುವಾದ ಈ ಆಟವನ್ನು ಬ್ರೌಸರ್‌ನಲ್ಲೇ ಆಡಬಹುದು. ಆಟಗಾರನೇ ಇಲ್ಲಿ ಗಂಡು ಸಿಂಹ, ಹಿಂಡಿನ ರಾಜ. ಓಟ, ಜಿಗಿತ ಯಾವುದೂ ಇಲ್ಲ. ಸಿಂಹಿಣಿ ತೆರೆಯ ಮೇಲೆ ನಿಂತಲ್ಲೇ ನಿಂತಿರುತ್ತದೆ. ಆಟವೆಲ್ಲ ನಡೆಯುವುದು ಅದರ ವಂಶದ ಲೆಕ್ಕದಲ್ಲಿ.

ಪ್ರತಿ ಸಿಂಹಿಣಿಗೂ ಒಂದು ಪುಟವಿದೆ. ಮೇಲುಗಡೆ ಚಿತ್ರ: ತಳಕ್ಕೊಂದು ಮೈಬಣ್ಣ, ಅದರ ಮೇಲೆ ಪದರಪದರವಾಗಿ ಮಚ್ಚೆ, ಪಟ್ಟೆ, ಚುಕ್ಕೆಗಳು. ಮೈಬಣ್ಣ ಕಣ್ಣಿಗೆ ಕಂಡಷ್ಟೇ ಅಲ್ಲ. ಅದು ಯಾವ ಬಣ್ಣದ ಗುಂಪಿನದು, ತಿಳಿಯೋ ಗಾಢವೋ, ಎಷ್ಟು ಅಪರೂಪದ್ದು ಎಂಬ ಅನುವಂಶಿಕ ವಿವರವೂ ಜೊತೆಗಿರುತ್ತದೆ. ಅನುಭವಿ ಆಟಗಾರರು ಚಿತ್ರಕ್ಕಿಂತ ಮೊದಲು ಇದನ್ನೇ ಓದುತ್ತಾರೆ. ಆಮೇಲೆ ಬಲ, ವೇಗ, ದಮ್ಮು, ಜಾಣತನ, ಚುರುಕು, ಕೌಶಲ ಎಂಬ ಆರು ಅಂಕಗಳು, ಗಬ್ಬ ಕಟ್ಟುವ ಸಾಮರ್ಥ್ಯ, ಮತ್ತು ವಂಶವೃಕ್ಷ. ಕಾಡು ಸುತ್ತುವಾಗ ಸಿಕ್ಕಿ ಹಿಂಡಿಗೆ ಸೇರಿದ, ಹೆತ್ತವರ ದಾಖಲೆಯೇ ಇಲ್ಲದ ಸಿಂಹಿಣಿಯಿಂದ ಹೊಸ ವಂಶ ಶುರುಮಾಡುವುದು ಕೆಲವರಿಗೆ ಇಷ್ಟ. ರೂಪಕ್ಕಾಗಿ ತಳಿ ಬೆಳೆಸುವವರು ಒಂದು ಬಣವಾದರೆ, ಅಂಕಗಳಿಗಾಗಿ ಬೆಳೆಸುವವರು ಇನ್ನೊಂದು.

ಸಿಂಹಿಣಿ ಬೆದೆಗೆ ಬಂದಾಗ ಸ್ವಂತ ರಾಜನೊಡನೆ ಕೂಡಿಸಬಹುದು, ಇಲ್ಲವೇ ಬೇರೆ ಆಟಗಾರನ ರಾಜನ ಬಳಿಗೆ ಶುಲ್ಕ ಕೊಟ್ಟು ಕಳಿಸಬಹುದು. ನಮ್ಮ ಹಳ್ಳಿಗಳಲ್ಲಿ ಹಸುವನ್ನು ಬೀಜದ ಹೋರಿಯ ಮನೆಗೆ ಹೊಡೆದುಕೊಂಡು ಹೋಗುತ್ತಿದ್ದ ವ್ಯವಹಾರವೇ ಇದು. ಲೇವಾದೇವಿಗೆ ಆಟದೊಳಗಿನ ನಾಣ್ಯಗಳೆಂದರೆ ಜೀರುಂಡೆಗಳು: ಸೆರೆಂಗೆಟಿ ಜೀರುಂಡೆ, ಚಿನ್ನದ ಜೀರುಂಡೆ. ಮರಿಗೆ ತಂದೆಯ ಯಾವ ಪಟ್ಟೆ, ತಾಯಿಯ ಯಾವ ಚುಕ್ಕೆ ಬರುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಅಪರೂಪಕ್ಕೆ ಕುಬ್ಜದೇಹದಂಥ ರೂಪಾಂತರ ಹುಟ್ಟಿದರೆ ಬೆಲೆ ಏರುತ್ತದೆ; ಮರಿ ಬದುಕಲಾರದಂಥ ಮಾರಕ ರೂಪಾಂತರಗಳೂ ಇವೆ. ಲಾಟರಿ ಚೀಟಿಗೆ ಇಡುವ ವಿಶೇಷ ಸಿಂಹಿಣಿಗಳ ಪಾತ್ರ ಇಲ್ಲಿ ದೊಡ್ಡದು. ಹೊಸ ವಿನ್ಯಾಸ ಹೊತ್ತ ಒಂದು ಸಿಂಹಿಣಿ ಯಾರೋ ಒಬ್ಬರ ಪಾಲಾಗುತ್ತದೆ. ಆ ವಿನ್ಯಾಸ ಮಕ್ಕಳು, ಮೊಮ್ಮಕ್ಕಳ ಮೂಲಕ ಆಟದ ತುಂಬ ಹರಡುತ್ತದೆ.

ಕಾಲ ಮಾತ್ರ ಭಾರೀ ಅವಸರದ್ದು. ದಿನಕ್ಕೊಮ್ಮೆ ‘ರೋಲೋವರ್’ ಆದಾಗ ಎಲ್ಲ ಸಿಂಹಗಳ ವಯಸ್ಸೂ ಏರುತ್ತದೆ. ನಿಜವಾದ ಸಿಂಹಿಣಿ ಸುಮಾರು 110 ದಿನ ಗಬ್ಬ ಹೊತ್ತು ಹೆಚ್ಚಾಗಿ ಎರಡರಿಂದ ನಾಲ್ಕು ಮರಿ ಹಾಕುತ್ತದೆ. ಆಟದ್ದಕ್ಕೆ ಕೆಲವೇ ದಿನ ಸಾಕು.

ಬೇಟೆಯಾಡುವ, ಮರಿ ಕಾಯುವ ಕೆಲಸ ಸಿಂಹಿಣಿಗೇ ಕೊಟ್ಟಿರುವುದು ನಿಜಕ್ಕೆ ಹತ್ತಿರ. ಆದರೆ ಒಡೆತನದ ವಿಷಯದಲ್ಲಿ ಆಟ ಕಾಡನ್ನು ತಲೆಕೆಳಗು ಮಾಡಿದೆ. ಕಾಡಿನಲ್ಲಿ ಅಜ್ಜಿ, ತಾಯಿ, ಮಗಳು ಸೇರಿ ತಲೆಮಾರುಗಳವರೆಗೆ ಒಂದೇ ನೆಲದಲ್ಲಿ ಹಿಂಡು ಉಳಿಸಿಕೊಳ್ಳುತ್ತಾರೆ. ಗಂಡುಗಳು ಹೊರಗಿನಿಂದ ಬಂದು, ಸಾಮಾನ್ಯವಾಗಿ ಎರಡು ಮೂರು ವರ್ಷ ಮೆರೆದು, ಗಂಡುಗಳ ಇನ್ನೊಂದು ಗುಂಪಿಗೆ ಸೋತು ಹೋಗುತ್ತವೆ. ಆಟದಲ್ಲಿ ಸಿಂಹಾಸನ ರಾಜನಿಂದ ಮಗನಿಗೆ. ಸಿಂಹಿಣಿ ಮಾರಾಟದ ಸರಕು.

ಬಣ್ಣಗಳ ಕಲ್ಪನೆ ಪೂರಾ ಹುಸಿಯೂ ಅಲ್ಲ. ದಕ್ಷಿಣ ಆಫ್ರಿಕದ ಟಿಂಬಾವಟಿ ಪ್ರದೇಶದ ಬಿಳಿ ಸಿಂಹಗಳಿಗೆ ಕಾರಣ ಟೈರೋಸಿನೇಸ್ ಜೀನಿನ ಅಪ್ರಭಾವಿ ರೂಪ. ಅದನ್ನು ಒಳಗೆ ಹೊತ್ತ ಎರಡು ಕಂದು ಸಿಂಹಗಳು ಕೂಡಿದರೆ ಪ್ರತಿ ಮರಿಯೂ ಬಿಳಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಟದ ರೂಪಾಂತರಗಳಲ್ಲಿ ಒಂದಾದ ‘ಲೆಪಾನ್’, ಅಂದರೆ ಗಂಡು ಚಿರತೆಗೂ ಸಿಂಹಿಣಿಗೂ ಹುಟ್ಟುವ ಮಿಶ್ರತಳಿ, ನಿಜಕ್ಕೂ ಹುಟ್ಟಿದೆ: ದಾಖಲೆಯಲ್ಲಿರುವ ಮೊದಲನೆಯದು 1910ರಲ್ಲಿ ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ. 1959ರಲ್ಲಿ ಜಪಾನಿನ ನಿಶಿನೊಮಿಯ ನಗರದ ಪ್ರಾಣಿಸಂಗ್ರಹಾಲಯದಲ್ಲೂ ಲೆಪಾನ್ ಮರಿಗಳು ಹುಟ್ಟಿದ್ದವು.