ಕಲ್ಲು ಅರೆಯುವ ಮುಂಚೆ ಒಂದು ಪ್ರೂಫು

ನಾನು ಮೊದಲ ಜಾಲತಾಣ ಮಾಡಿದ್ದು 2005ರಲ್ಲಿ. ಒಟ್ಟು 9 ಪುಟ. ತೆರೆದವರಿಗೆ ಕಾಣುತ್ತಿದ್ದುದು ಬರೀ ಕನ್ನಡ. ಆದರೆ ಆ 9 ಪುಟಗಳಲ್ಲಿ ಒಂದೇ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಒಗಟಿನ ಥರ ಕೇಳಿಸಿದರೆ ಕ್ಷಮಿಸಿ, ಆ ಕಾಲದಲ್ಲಿ ಕನ್ನಡದಲ್ಲಿ ಪುಟ ಮಾಡಿದ ಎಷ್ಟೋ ಜನರ ಕಥೆ ಇದೇ.

ಆಗ ನಾನು ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೆ. ವಿಭಾಗದ ಹೆಸರು ಗ್ರಾಫಿಕ್ಸ್. ಊರಲ್ಲಿ ನೆಂಟರೆಲ್ಲ 'ಹುಡುಗ ಕಂಪ್ಯೂಟರ್ ಗ್ರಾಫಿಕ್ಸ್ ಮಾಡ್ತಿದ್ದಾನೆ, ಕೆಲಸಕ್ಕೇನೂ ತೊಂದ್ರೆ ಇಲ್ಲ' ಅಂತ ಸಮಾಧಾನವಾಗಿದ್ದರು. ಕಲಾಶಾಲೆಗಳಲ್ಲಿ ಗ್ರಾಫಿಕ್ಸ್ ಅಂದ್ರೆ ಅಚ್ಚು ತೆಗೆಯುವ ಕಲೆ ಅನ್ನೋದನ್ನ ಅಪ್ಪನಿಗೆ ಹೇಳಲು ನನಗೆ ಮೂರು ವರ್ಷ ಧೈರ್ಯ ಬರಲಿಲ್ಲ. ಮರ ಕೆತ್ತೋದು, ಸತುವಿನ ತಗಡನ್ನು ಆಸಿಡ್‌ನಲ್ಲಿ ಅದ್ದೋದು, ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನ್‌ನಿಂದ ಬರೆದು ಮಸಿ ಹಚ್ಚೋದು. ನಮ್ಮ ಇಡೀ ದಿನ ಇದರಲ್ಲೇ ಕಳೆಯುತ್ತಿತ್ತು. ಕಂಪ್ಯೂಟರ್ ಕೋಣೆಯೂ ಒಂದಿತ್ತು, ಬಾಗಿಲಿಗೆ ಬೀಗವೂ ಇತ್ತು. ಹಾಗಾಗಿ ನಾನು ವೆಬ್ ಡಿಸೈನ್ ಕಲಿತದ್ದು ಗಂಟೆಗೆ 20 ರೂಪಾಯಿ ಕೊಟ್ಟು, ಸೈಬರ್ ಕೆಫೆಯ ಮೂಲೆಯಲ್ಲಿ.

ಕಲಿಸಿದ ಗುರುವಿನ ಹೆಸರು 'ವ್ಯೂ ಸೋರ್ಸ್'. ಈಗಿನ ಹುಡುಗರಿಗೆ ಇದು ಅಷ್ಟಾಗಿ ಗೊತ್ತಿಲ್ಲದಿರಬಹುದು. ಯಾವುದೇ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಒಳಗನ್ನು ನೋಡಬಹುದಿತ್ತು, ನೋಟ್‌ಪ್ಯಾಡ್‌ಗೆ ಎತ್ತಿಹಾಕಿಕೊಂಡು ತಿದ್ದಬಹುದಿತ್ತು. ಹಾಗೆ ಒಳಗೆ ಇಣುಕಿದಾಗಲೆಲ್ಲ ಕಾಣುತ್ತಿದ್ದುದು ಟೇಬಲ್ಲು, ಟೇಬಲ್ಲಿನೊಳಗೆ ಟೇಬಲ್ಲು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದ ಮೊದಲ ಜಾಲತಾಣವನ್ನು ಲೋಕಕ್ಕೆ ತೆರೆದಾಗ ಅದು ವಿಜ್ಞಾನಿಗಳು ಕಾಗದಪತ್ರ ಹಂಚಿಕೊಳ್ಳುವ ವ್ಯವಸ್ಥೆಯಾಗಿತ್ತು. ಅಲ್ಲಿ ಅಂದಚೆಂದದ ಮಾತೇ ಇರಲಿಲ್ಲ. ಅಂಕಿಅಂಶ ತೋರಿಸಲು ಆಮೇಲೆ ಬಂದ ಟೇಬಲ್ಲನ್ನು ಡಿಸೈನರುಗಳು ಹಿಡಿದುಕೊಂಡು ಪುಟವನ್ನೇ ಕೋಣೆಗಳಾಗಿ ಕತ್ತರಿಸಿದರು. ಎರಡು ವಸ್ತುಗಳ ನಡುವೆ ಜಾಗ ಬಿಡಬೇಕಾದರೆ ಒಂದೇ ಒಂದು ಪಿಕ್ಸೆಲ್ಲಿನ ಪಾರದರ್ಶಕ ಜಿಫ್ ಚಿತ್ರ ಇಟ್ಟು ಅದನ್ನು ಎಳೆದು ಉದ್ದ ಮಾಡುವುದು. ಈ ಚಾಲಾಕಿತನವನ್ನು 1996ರಲ್ಲಿ ಪುಸ್ತಕ ಬರೆದು ಊರಿಗೆಲ್ಲ ಹಂಚಿದವನು ಡೇವಿಡ್ ಸೀಗಲ್. ಅದೇ ವರ್ಷದ ಡಿಸೆಂಬರಿನಲ್ಲಿ ಸಿಎಸ್ಎಸ್‌ನ ಮೊದಲ ಆವೃತ್ತಿ ಅಧಿಕೃತವಾಯಿತು. ಅಂದ್ರೆ ಸರಿಯಾದ ದಾರಿ ಮತ್ತು ಕಳ್ಳದಾರಿ ಒಟ್ಟಿಗೇ ಬಂದವು. ಬ್ರೌಸರುಗಳು ಸಿಎಸ್ಎಸ್ ಅನ್ನು ನೆಟ್ಟಗೆ ಅರ್ಥಮಾಡಿಕೊಳ್ಳಲು ವರ್ಷಗಟ್ಟಲೆ ತೆಗೆದುಕೊಂಡವು, ಅಷ್ಟರಲ್ಲಿ ಕಳ್ಳದಾರಿ ಹೆದ್ದಾರಿಯಾಗಿತ್ತು. ನಾನು ಕಲಿತದ್ದೂ ಅದನ್ನೇ. ಕಲಾವಿದ್ಯಾರ್ಥಿಗೆ ಅದು ಕಷ್ಟವೂ ಅನ್ನಿಸಲಿಲ್ಲ. ಹಾಳೆಯ ಮೇಲೆ ಪೆನ್ಸಿಲ್ ಗೀಟು ಹಾಕಿ ಚೌಕ ಮಾಡಿಕೊಂಡು ಚಿತ್ರ ದೊಡ್ಡದು ಮಾಡುತ್ತಿರಲಿಲ್ಲವೇ, ಹಾಗೇ.

ಮಾಡಿದ ಜಾಲತಾಣ ನಮ್ಮ ಮೇಷ್ಟ್ರ ಕುರಿತದ್ದು. ಅವರು ನಮ್ಮಲ್ಲಿ ಪಾಠ ಮಾಡುವ ಅಧ್ಯಾಪಕರಲ್ಲ, ಅಚ್ಚಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು. ಆದರೂ ಎಲ್ಲರಿಗೂ ಮೇಷ್ಟ್ರೇ. ಹುಡುಗರಾಗಿದ್ದಾಗ ಒಂದು ಲೇಬಲ್ ಪ್ರೆಸ್ಸಿಗೆ ಸೇರಿ, ಊದುಬತ್ತಿ ಪೊಟ್ಟಣದ ಅಕ್ಷರಗಳನ್ನು ಕಲ್ಲಿನ ಮೇಲೆ ಉಲ್ಟಾ ಬರೆಯುತ್ತಿದ್ದರಂತೆ. ಕನ್ನಡಿಯಲ್ಲಿ ಕಂಡಂತೆ, ಬಲದಿಂದ ಎಡಕ್ಕೆ, ಒತ್ತಕ್ಷರ ಸಮೇತ. ನಮ್ಮ ಕಣ್ಣೆದುರೇ ಚಾಕ್‌ಪೀಸ್ ತಗೊಂಡು ನಮ್ಮ ಹೆಸರುಗಳನ್ನು ಹಾಗೆ ಬರೆದು ತೋರಿಸೋರು. ಅವರು ನಿವೃತ್ತರಾಗುವ ವರ್ಷ ನಾನು ಟೇಪ್ ರೆಕಾರ್ಡರ್ ಕಡ ತಂದು, ನಾಲ್ಕು ಸಂಜೆ ಕೂತು ಅವರ ಮಾತು ತುಂಬಿಸಿಕೊಂಡೆ. ಅದೇ ನನ್ನ ಕೊನೇ ವರ್ಷದ ಪ್ರಾಜೆಕ್ಟು.

ಮಾತನ್ನೇನೋ ನುಡಿಯಲ್ಲಿ ಟೈಪ್ ಮಾಡಿದೆ. ಪುಟಕ್ಕೆ ಹಾಕಿ ಸೈಬರ್ ಕೆಫೆಯಲ್ಲಿ ತೆರೆದು ನೋಡಿದರೆ ಎಲ್ಲ ಅಯೋಮಯ. 'ಕನ್ನಡ' ಅನ್ನೋ ಜಾಗದಲ್ಲಿ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ. ಆಗಿನ ನುಡಿ, ಬರಹದ ಅಕ್ಷರಗಳು ಹಾಗೇ ಇದ್ದವು: ಇಂಗ್ಲಿಷಿನವರ ಮನೆಯಲ್ಲಿ ನಮ್ಮವರು ಬಾಡಿಗೆಗೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಪಿ. ಫಾಂಟ್ ಇದ್ದರೆ ಮಾತ್ರ ಅದು ಕ-ದ ಒಡಲಿನ ವೇಷ ಹಾಕಿಕೊಳ್ಳುತ್ತಿತ್ತು, ಪಕ್ಕದ ಎ ಅದರ ತಲೆಕಟ್ಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತಿತ್ತು.

ಹಾಗಂತ ಆ ತಂತ್ರಾಂಶಗಳನ್ನು ಬೈಯಲು ನನಗೆ ಬಾಯಿ ಬರೋದಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದೇ ಹೋಗಿದ್ದರೆ ನಮ್ಮ ಪೀಳಿಗೆ ಕಂಪ್ಯೂಟರಿನಲ್ಲಿ ಕನ್ನಡವನ್ನೇ ಬರೆಯುತ್ತಿರಲಿಲ್ಲವೇನೋ. ಬೇಸರವಾಗೋದು ಇನ್ನೊಂದಕ್ಕೆ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತು. ಅದು ಬಂದದ್ದೂ 1991ರಲ್ಲೇ, ಮೊದಲ ಜಾಲತಾಣದ ವರ್ಷ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಒಂದು ಟಿಕ್ ಗುರುತು ಹಾಕಿ, ವಿಂಡೋಸ್ ಸಿಡಿ ತುರುಕಿದರೆ ಮಾತ್ರ ಅದು ಎದ್ದು ಕೂರುತ್ತಿತ್ತು. ಸೈಬರ್ ಕೆಫೆಯವನ ಹತ್ತಿರ ಹೋಗಿ 'ಅಣ್ಣಾ, ಸಿಡಿ ಇದ್ಯಾ' ಅಂತ ಯಾರು ಕೇಳ್ತಾರೆ?

ನಾನು ಸುಲಭದ ದಾರಿ ಹಿಡಿದೆ. ಮೇಷ್ಟ್ರ ಮಾತನ್ನೆಲ್ಲ ನುಡಿ ಫಾಂಟಿನಲ್ಲಿ ಫೋಟೋಶಾಪಿಗೆ ಹಾಕಿ, ತುಂಡು ತುಂಡಾಗಿ ಜಿಫ್ ಮಾಡಿ, ಟೇಬಲ್ಲಿನ ಕೋಣೆಗಳಲ್ಲಿ ಕೂರಿಸಿದೆ. ಬ್ರೌಸರಿಗೆ ಅದು ಬರೀ ಚಿತ್ರ, ಹೂವಿನದೋ ನಾಯಿಯದೋ ಚಿತ್ರದ ಹಾಗೆ. ಒಂದೊಂದು ಪುಟ ಬಿಚ್ಚಿಕೊಳ್ಳಲು ಒಂದು ನಿಮಿಷ ಬೇಕಾಗುತ್ತಿತ್ತು. ಆದರೆ ಯಾರು ಎಲ್ಲಿ ತೆರೆದರೂ ಕನ್ನಡ ಕಾಣುತ್ತಿತ್ತು. ಅಂದಕ್ಕೂ ಕೊರತೆಯಿರಲಿಲ್ಲ, ನನಗಂತೂ ಹೆಮ್ಮೆಯೋ ಹೆಮ್ಮೆ.

ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿ, "ಇದು ಕಲ್ಲಚ್ಚೇ ಅಲ್ವೇನಪ್ಪಾ? ಅಕ್ಷರಾನ ಅಕ್ಷರ ಅಂತ ಇಟ್ಟಿಲ್ಲ ನೀನು. ಚಿತ್ರ ಬರ್ದಿದ್ದೀಯ" ಅಂದರು.

ಅವರು ಹೇಳಿದ್ದು ಎಷ್ಟು ನಿಜ ಅನ್ನೋದು ಕನ್ನಡ ಅಚ್ಚಿನ ಚರಿತ್ರೆ ಓದಿದಾಗ ತಿಳಿಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ', ನಮ್ಮ ಮೊದಲ ಪತ್ರಿಕೆ, ಅಚ್ಚುಮೊಳೆ ಜೋಡಿಸಿ ಮುದ್ರಿಸಿದ್ದಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಕಲ್ಲಚ್ಚಿನಲ್ಲಿ ತೆಗೆದದ್ದು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡಕ್ಕೆ ನೂರಾರು ಮೊಳೆ ಬೇಕು. ಕಲ್ಲಿಗೆ ಆ ತಾಪತ್ರಯವಿಲ್ಲ, ಕೈಬರಹ ಹೇಗಿದೆಯೋ ಹಾಗೇ ಒಪ್ಪಿಕೊಳ್ಳುತ್ತದೆ. ಅಲೋಯ್ಸ್ ಸೆನೆಫೆಲ್ಡರ್ ಬವೇರಿಯಾದಲ್ಲಿ 1796ರ ಸುಮಾರಿಗೆ ಕಂಡುಹಿಡಿದ ಈ ವಿದ್ಯೆ ನಮ್ಮಂಥ ಲಿಪಿಗಳಿಗೆ ಹೇಳಿ ಮಾಡಿಸಿದಂತಿತ್ತು. ಮರುವರ್ಷವೇ ಪತ್ರಿಕೆ ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಯಿತು, 'ಕನ್ನಡ ಸಮಾಚಾರ'ವಾಯಿತು. ಚಿತ್ರದ ಅಕ್ಷರದಿಂದ ಮೊಳೆಯ ಅಕ್ಷರಕ್ಕೆ ಮೋಗ್ಲಿಂಗ್ ಒಂದು ವರ್ಷದೊಳಗೆ ದಾಟಿದ. ಬ್ರೌಸರಿನಲ್ಲಿ ಅದೇ ಹೊಳೆ ದಾಟಲು ನನಗೆ ಎರಡು ವರ್ಷ ಬೇಕಾಯಿತು.

2007ರಲ್ಲಿ ಬ್ಲಾಗು ಶುರುಮಾಡಿದೆ. ಆಗ ನನ್ನ ಗೆಳೆಯರಲ್ಲಿ ಬ್ಲಾಗಿಲ್ಲದವರೇ ಇರಲಿಲ್ಲ. ಹರಿಪ್ರಸಾದ್ ನಾಡಿಗರ 'ಸಂಪದ' 2005ರಲ್ಲೇ ಬಂದು ಯೂನಿಕೋಡ್ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬರೆಯಬಹುದು ಅಂತ ತೋರಿಸಿತ್ತು. ಬ್ಲಾಗರ್‌ನಲ್ಲಿ 'ಮಿನಿಮಾ' ಅನ್ನೋ ಬಿಳೀ ಟೆಂಪ್ಲೇಟು ನೆನಪಿದೆಯಾ? ಡಗ್ಲಸ್ ಬೋಮನ್ ಮಾಡಿದ್ದು. ಅಚ್ಚುಕಟ್ಟು ಅಂದ್ರೆ ಅದು. ಇಂಗ್ಲಿಷಿಗೆ. ಅದರಲ್ಲಿ ಕನ್ನಡ ಹಾಕಿದ ದಿನ ನಿಜವಾದ ಡಿಸೈನ್ ಪಾಠ ಶುರುವಾಯಿತು ನೋಡಿ.

ಮೊದಲನೇ ತಕರಾರು ಒತ್ತಕ್ಷರದ್ದು. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗೆ ಇಳಿಯೋದು ಜಿ, ವೈ ಥರದ ನಾಲ್ಕೈದು ಬಾಲ ಮಾತ್ರ. ನಮ್ಮಲ್ಲಿ 'ರಾಷ್ಟ್ರ' ಅಂತ ಬರೆದರೆ ಷ-ದ ಕೆಳಗೆ ಟ, ಅದರ ಮಗ್ಗುಲಿಗೆ ರ. ಎರಡು ಸಾಲಿನ ಮಧ್ಯೆ ಇಂಗ್ಲಿಷಿನಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ. ಲೈನ್ ಹೈಟ್ 1.4 ಇದ್ದದ್ದನ್ನು 1.6 ಮಾಡಿದೆ, 1.8 ಮಾಡಿದೆ, ಆಗ ಉಸಿರಾಡಿತು. ಎರಡನೆಯದು ಗಾತ್ರ. ತುಂಗಾ ಅಕ್ಷರ ಅದೇ ಗಾತ್ರದ ಇಂಗ್ಲಿಷ್ ಪಕ್ಕದಲ್ಲಿ ಎಳ್ಳಿನ ಕಾಳು. ಮಿನಿಮಾದ ಪಕ್ಕದ ಪಟ್ಟಿಯ ತಲೆಬರಹಗಳೋ, ಮೂಲ ಗಾತ್ರದ ಸುಮಾರು ಮುಕ್ಕಾಲು ಪಾಲು. ಅಲ್ಲಿ 'ಹಳೆಯ ಬರಹಗಳು' ಅಂತ ಬರೆದದ್ದನ್ನು ಓದಲು ಭೂತಗನ್ನಡಿ ಬೇಕಿತ್ತು. ಅದರ ಮೇಲೆ ಅಕ್ಷರಗಳ ನಡುವೆ ಬಿಡಿ ಬಿಡಿ ಜಾಗ ಬಿಡುವ ಸೂಚನೆ ಬೇರೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅದು ಒಪ್ಪುತ್ತೆ. ಕನ್ನಡದ ಪದ ಕಿತ್ತುಹೋದ ಮಣಿಸರದಂತೆ ಕಾಣುತ್ತಿತ್ತು. ಇಟಾಲಿಕ್ ಅಂದರೆ ನಿಂತಿರುವ ಅಕ್ಷರವನ್ನು ಹಾಗೇ ನೂಕಿ ವಾಲಿಸಿದ್ದು. ನಮ್ಮ ಲಿಪಿಗೆ ವಾಲುವ ಅಭ್ಯಾಸವೇ ಇಲ್ಲ, ಕುಡಿದವರಂತೆ ಕಾಣುತ್ತಿತ್ತು.

ಒಂದೊಂದನ್ನೇ ತಿದ್ದಿದೆ. ಬಣ್ಣ, ಸಮತೋಲ, ಖಾಲಿ ಜಾಗ ಅಂತ ತರಗತಿಯಲ್ಲಿ ಕೇಳಿದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಇವತ್ತು ಬೆಂಗಳೂರಿನಲ್ಲಿ ನನಗೆ ಸಂಬಳ ಕೊಡುವ ಕೆಲಸದಲ್ಲಿ ನಾನು ಬಳಸೋದು ಆ ಆರು ತಿಂಗಳ ವಿದ್ಯೆಯನ್ನೇ. ಈಗ ಫಾಂಟ್ ಪುಟದ ಜೊತೆಗೇ ಬರುತ್ತದೆ. ಆದರೂ ಹೊಸ ಆ್ಯಪಿನ ಡಿಸೈನ್ ಬಂದಾಗ ಮೊದಲು ಒಂದು ಬಟನ್ ಮೇಲೆ 'ರಾಷ್ಟ್ರ' ಅಂತ ಟೈಪ್ ಮಾಡಿ ನೋಡ್ತೀನಿ. ಒತ್ತು ಈಗಲೂ ಕತ್ತರಿಸಿ ಹೋಗೋದುಂಟು.

2013ರಲ್ಲಿ ಮೇಷ್ಟ್ರು ತೀರಿಕೊಂಡರು. ಒಂದೆರಡು ತಿಂಗಳಾದ ಮೇಲೆ ಅವರ ಮಗಳು ಫೋನ್ ಮಾಡಿದಳು. "ಅಣ್ಣಾ, ಅಪ್ಪನ ಮಾತೆಲ್ಲ ಬರೆದು ಇಂಟರ್ನೆಟ್ಟಲ್ಲಿ ಹಾಕಿದ್ರಂತಲ್ಲ. ಅಪ್ಪ ಎಲ್ರಿಗೂ ಹೇಳ್ಕೊಂಡು ತಿರುಗೋರು. ಲಿಂಕ್ ಕಳಿಸ್ತೀರಾ?"

ಲಿಂಕ್ ಇರಲಿಲ್ಲ. ಆ ಕಾಲದಲ್ಲಿ ಪುಕ್ಕಟೆ ಜಾಗ ಕೊಡುತ್ತಿದ್ದ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಅವುಗಳಲ್ಲೆಲ್ಲ ದೊಡ್ಡದಾದ, 1994ರಲ್ಲಿ ಹುಟ್ಟಿದ ಜಿಯೋಸಿಟೀಸ್ ಅನ್ನೇ ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತ್ತು. ನಾನು ಪುಟ ಇಟ್ಟಿದ್ದು ಬೇರೊಂದು ಕಡೆ. ಅದು ಯಾವಾಗ ಹೋಯಿತೋ ನಾನು ನೋಡಿಯೇ ಇರಲಿಲ್ಲ. ಮೂಲ ಕಡತಗಳಿದ್ದ ಸಿಡಿ ಕಂಪ್ಯೂಟರಿನೊಳಗೆ ಕಟಕಟ ಸದ್ದು ಮಾಡಿ ಹೊರಗೆ ಬಂತು. ಕ್ಯಾಸೆಟ್ಟಿನ ಮೇಲೆ ರೂಮ್‌ಮೇಟ್ ಸಿನಿಮಾ ಹಾಡು ತುಂಬಿಸಿಕೊಂಡಿದ್ದ. ಅವನದೇನೂ ತಪ್ಪಿಲ್ಲ, ಕೆಲಸ ಮುಗೀತು ಅಂತ ಕೊಟ್ಟವನು ನಾನೇ.

ಕಲ್ಲಚ್ಚಿನಲ್ಲಿ ಒಂದು ಕೆಲಸ ಮುಗಿದ ಮೇಲೆ ಕಲ್ಲನ್ನು ಎಸೆಯೋದಿಲ್ಲ. ಕಾರ್ಬೊರಂಡಮ್ ಪುಡಿ, ನೀರು ಹಾಕಿ ಇನ್ನೊಂದು ಕಲ್ಲನ್ನು ಅದರ ಮೇಲಿಟ್ಟು ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿಸುತ್ತಾ ಅರೆದು, ಹಳೇ ಚಿತ್ರ ಅಳಿಸಿ, ಹೊಸದಕ್ಕೆ ಸಿದ್ಧಮಾಡಬೇಕು. ಪ್ರತಿ ಸಲವೂ ಮೇಷ್ಟ್ರು ಕೂಗಿ ಹೇಳೋರು: "ಅರೆಯೋ ಮುಂಚೆ ಒಂದು ಪ್ರೂಫ್ ತೆಗೆದಿಟ್ಕೊಳ್ರೋ!" ನನ್ನ ಪ್ರಿಂಟುಗಳ ಪ್ರೂಫೆಲ್ಲ ಊರಿನ ಅಟ್ಟದ ಮೇಲೆ ಇವತ್ತಿಗೂ ಇವೆ. ಅವರ ಮಾತಿನದು ಇರಲಿಲ್ಲ.

ಕೊನೆಗೆ, ಹಳೇ ಜಾಲಪುಟಗಳನ್ನು ಕೂಡಿಡುವ ಒಂದು ಸಂಗ್ರಹದಲ್ಲಿ ಹುಡುಕಿದೆ. ಸಿಕ್ಕಿತು! ಪುಟಗಳು ಸಿಕ್ಕವು, ಚಿತ್ರಗಳು ಇರಲಿಲ್ಲ. ನನ್ನ ಟೇಬಲ್ಲುಗಳು ಒಂದು ಪಿಕ್ಸೆಲ್ ಆಚೀಚೆಯಾಗದೆ ಹಾಗೇ ನಿಂತಿದ್ದವು. ಒಂದೊಂದು ಕೋಣೆಯಲ್ಲೂ ಮುರಿದ ಚಿತ್ರದ ಗುರುತು. ಚಿತ್ರ ಬಾರದಿದ್ದರೆ ಅದರ ಬದಲು ತೋರಿಸಬೇಕಾದ ಮಾತನ್ನು ಬರೆಯಲು 'ಆಲ್ಟ್' ಅನ್ನೋ ಜಾಗ ಇದೆ. 1997ರ ಎಚ್‌ಟಿಎಂಎಲ್ 4ರಲ್ಲೇ ಅದು ಕಡ್ಡಾಯ. ನಾನು ಎಲ್ಲದರಲ್ಲೂ ಖಾಲಿ ಬಿಟ್ಟಿದ್ದೆ. ಇಡೀ ಜಾಲತಾಣದಲ್ಲಿ ಉಳಿದಿದ್ದ ಏಕೈಕ ವಾಕ್ಯ ಕೊನೆಯ ಪುಟದ ತಳದಲ್ಲಿತ್ತು, ಇಂಗ್ಲಿಷಿನಲ್ಲಿ: ಈ ತಾಣವನ್ನು 800 × 600 ಪರದೆಯಲ್ಲಿ ನೋಡುವುದು ಉತ್ತಮ.

ಆಮೇಲೆ ನನ್ನ ಬ್ಲಾಗಿನ ಕರಡುಗಳನ್ನು ಜಾಲಾಡಿದೆ. 2007ರಲ್ಲಿ ಲೈನ್ ಹೈಟ್ ಪರೀಕ್ಷೆ ಮಾಡಲು ಏನಾದರೂ ಕನ್ನಡ ಬೇಕು ಅಂತ, ಕೈಗೆ ಸಿಕ್ಕ ಪ್ರಿಂಟೌಟ್ ನೋಡಿಕೊಂಡು ನಾಲ್ಕೈದು ಸಾಲು ಯೂನಿಕೋಡಿನಲ್ಲಿ ಟೈಪ್ ಮಾಡಿ ಬಿಟ್ಟಿದ್ದೆ. ಹೆಸರು 'ಟೆಸ್ಟ್ 3'. ಪ್ರಕಟಿಸಿರಲೂ ಇಲ್ಲ. ಅದು ಮೇಷ್ಟ್ರ ಮಾತು:

"ಕಲ್ಲು ಮರೆಯೋದಿಲ್ಲಪ್ಪಾ. ಅರೆದಾಯ್ತು, ನುಣ್ಣಗಾಯ್ತು ಅಂತ ನಾವು ಅಂದ್ಕೊಳ್ತೀವಿ. ಒಂದಿನ ರೋಲರ್ ಹೊಡೀತಿದೀನಿ, ಹೋದ ವರ್ಷದ ಊದುಬತ್ತಿ ನವಿಲು ಮೆಲ್ಲಗೆ ಎದ್ದು ಬಂತು, ಸೋಪಿನ ಲೇಬಲ್ ಮಧ್ಯ. ನನಗೆ ಕೈಕಾಲೇ ಆಡ್ಲಿಲ್ಲ. ನೂರಿಪ್ಪತ್ತು ಶೀಟ್ ಹಾಳಾಗಿತ್ತು. ಯಜಮಾನ್ರು ಬಂದ್ರು, ಶೀಟ್ ಎತ್ತಿ ನೋಡಿದ್ರು, ನನ್ನ ಕಡೆ ತಿರುಗಿ"

ಅಷ್ಟೇ. ಸಾಲುಗಳ ನಡುವಿನ ಜಾಗ ಸರಿಹೋಗಿತ್ತು, ಹಾಗಾಗಿ ಟೈಪ್ ಮಾಡೋದು ನಿಲ್ಲಿಸಿದ್ದೆ.

ಅದನ್ನೇ ಕಾಪಿ ಮಾಡಿ ಅವಳಿಗೆ ಕಳಿಸಿದೆ. ತುಂಬ ಹೊತ್ತಿನ ಮೇಲೆ ಉತ್ತರ ಬಂತು. "ಅಪ್ಪ ಹೀಗೇ ಮಾತಾಡ್ತಿದ್ದಿದ್ದು." ಅದರ ಹಿಂದೆಯೇ ಇನ್ನೊಂದು: "ಆಮೇಲೆ ಯಜಮಾನ್ರು ಏನಂದ್ರಂತೆ ಅಣ್ಣಾ?"